ಲೋಕಸಭೆಯ ಒಂದು ದಿನ, ನಮ್ಮದೊಂದು ಪ್ರಶ್ನೆ

ಬೆಳೆಗಾರ ಬಾಂಧವರೇ,

ಲೋಕಸಭೆ ಬೆಳಿಗ್ಗೆ 11 ಗಂಟೆಗೆ ಸೇರುತ್ತದೆ. ಮೊದಲ ಒಂದು ಗಂಟೆ ಪ್ರಶ್ನೋತ್ತರಕ್ಕೆ ಮೀಸಲು. ಪಟ್ಟಿಯಲ್ಲಿ ಚುಕ್ಕೆ ಗುರುತಿನ ಪ್ರಶ್ನೆಗಳು 20. ಇವಕ್ಕೆ ಮಂತ್ರಿಗಳು ಎದ್ದು ನಿಂತು ಉತ್ತರಿಸಬೇಕು. ಸದಸ್ಯರು ಉಪಪ್ರಶ್ನೆ ಹಾಕಬಹುದು. ಎಷ್ಟೋ ಸಲ ನಾಲ್ಕಾರು ಪ್ರಶ್ನೆ ಮುಗಿಯುವಷ್ಟರಲ್ಲಿ ಹನ್ನೆರಡಾಗುತ್ತದೆ. ಉಳಿದವಕ್ಕೆ ಲಿಖಿತ ಉತ್ತರವೇ ಗತಿ. ಆಮೇಲೆ ಶೂನ್ಯವೇಳೆ, ಊಟದ ಬಿಡುವು, ಮಸೂದೆಗಳ ಚರ್ಚೆ.

ಇದರಿಂದ ನಮಗೇನು ಎನ್ನಬಹುದು. ಹಿಂದೊಮ್ಮೆ ಸಂಘದ ಪರವಾಗಿ ಸಂಸತ್ ಸದಸ್ಯರಿಗೆ ಬರೆದಾಗ ನಾನು ಕಾಫಿ, ಅಡಿಕೆ ಎರಡನ್ನೂ ಒಂದೇ ಪತ್ರದಲ್ಲಿ ಬೆರೆಸಿದ್ದೆ. ಅದೂ ಅಧಿವೇಶನ ಶುರುವಾದ ಮೇಲೆ. ಪ್ರಶ್ನೆ ಸದನ ಮುಟ್ಟಲೇ ಇಲ್ಲ. ತಪ್ಪು ನನ್ನದೇ. ಕಾಫಿ ಮಂಡಳಿ ಇರುವುದು ವಾಣಿಜ್ಯ ಸಚಿವಾಲಯದ ಕೆಳಗೆ. ಅಡಿಕೆ ಬೇಸಾಯ ಕೃಷಿ ಸಚಿವಾಲಯಕ್ಕೆ ಸೇರಿದ್ದು. ಅಡಿಕೆಯ ಕನಿಷ್ಠ ಆಮದು ಬೆಲೆ ಮತ್ತೆ ವಾಣಿಜ್ಯಕ್ಕೆ. ಒಂದೊಂದು ಸಚಿವಾಲಯದ ಸರದಿಗೆ ವಾರದಲ್ಲಿ ಒಂದು ದಿನ. ಪ್ರಶ್ನೆಗೆ ಕನಿಷ್ಠ 15 ದಿನದ ಮುಂಚಿನ ಸೂಚನೆ ಬೇಕು.

ಕೊಳೆ ಬಂದ ಮೇಲೆ ಬೋರ್ಡೋ ಹೊಡೆದು ಫಲವೇನು? ಆದುದರಿಂದ ತಮ್ಮ ಅಹವಾಲನ್ನು ಬೆಳೆವಾರು ಬೇರೆ ಬೇರೆ ಹಾಳೆಯಲ್ಲಿ ಬರೆದು, ಅಧಿವೇಶನದ ಸುದ್ದಿ ಬರುವ ಮೊದಲೇ ಸಂಘದ ಕಚೇರಿಗೆ ತಲುಪಿಸಬೇಕೆಂದು ಕೋರುತ್ತೇನೆ.

– ಕಾರ್ಯದರ್ಶಿ