ಬಾಡಿಗೆಗೆಂದು ಫ್ಲ್ಯಾಟ್ ಕೊಳ್ಳುವಿರಾ? ಮೊದಲು ಸೊಸೈಟಿಯ ಕಡತ ಓದಿ



ಮುಂಬಯಿ, ಪುಣೆಗಳಲ್ಲಿ ಹದಿನೈದು ಇಪ್ಪತ್ತು ವರ್ಷ ದುಡಿದ ನಮ್ಮವರಲ್ಲಿ ಅನೇಕರಿಗೆ ಬರುವ ಯೋಚನೆ ಒಂದಿದೆ. ಇರುವ ಮನೆಯ ಸಾಲ ತೀರಿತು, ಕೈಯಲ್ಲಿ ನಾಲ್ಕು ಕಾಸು ಇದೆ, ಇನ್ನೊಂದು ಸಣ್ಣ ಫ್ಲ್ಯಾಟ್ ತೆಗೆದುಕೊಂಡು ಬಾಡಿಗೆಗೆ ಕೊಟ್ಟರೆ ಹೇಗೆ? ಯೋಚನೆಯೇನೋ ಒಳ್ಳೆಯದೇ. ಆದರೆ ವಾಸಕ್ಕೆ ಮನೆ ನೋಡುವ ಕಣ್ಣು ಬೇರೆ, ಆದಾಯಕ್ಕೆ ಮನೆ ನೋಡುವ ಕಣ್ಣು ಬೇರೆ. ವಾಸಕ್ಕೆ ಕೊಳ್ಳುವವರು ಗಾಳಿ ಬೆಳಕು, ಮಕ್ಕಳ ಶಾಲೆ, ಸ್ಟೇಷನ್ನಿನ ದೂರ ನೋಡುತ್ತಾರೆ. ನೀವು ಇವುಗಳ ಜೊತೆಗೆ ಸೊಸೈಟಿ ಆಫೀಸಿನ ಕಪಾಟನ್ನೂ ನೋಡಬೇಕು. ಏಕೆಂದರೆ ನೀವು ಕೊಳ್ಳುತ್ತಿರುವುದು ನಾಲ್ಕು ಗೋಡೆಗಳನ್ನಷ್ಟೇ ಅಲ್ಲ, ಆ ಕಟ್ಟಡದ ಲೆಕ್ಕ, ಖರ್ಚು, ತಕರಾರು, ನಿಯಮ ಎಲ್ಲದರಲ್ಲೂ ಒಂದು ಪಾಲು.

ವಕೀಲರು ಹಕ್ಕುಪತ್ರ ನೋಡುತ್ತಾರೆ. ಬ್ಯಾಂಕು ತನ್ನ ಸಾಲಕ್ಕೆ ಬೇಕಾದಷ್ಟು ನೋಡುತ್ತದೆ. ಸೊಸೈಟಿಯ ಲೆಕ್ಕವನ್ನು ಮಾತ್ರ ನಿಮ್ಮ ಪರವಾಗಿ ಯಾರೂ ಓದುವುದಿಲ್ಲ. ಮಹಾರಾಷ್ಟ್ರದಲ್ಲಿ ರೀಸೇಲ್ ಫ್ಲ್ಯಾಟ್ ಕೊಳ್ಳುವಾಗ ನೀವೇ ಓದಬೇಕಾದ ಕಾಗದಗಳು ಯಾವುವು, ನೋಡೋಣ.

ಸೊಸೈಟಿಯೋ, ಕಂಡೋಮಿನಿಯಮ್ಮೋ?

ಮೊದಲ ಪ್ರಶ್ನೆಯೇ ಇದು. ಮುಂಬಯಿಯಲ್ಲಿ ಹೆಚ್ಚಿನವು 1960ರ ಸಹಕಾರ ಸಂಘಗಳ ಕಾಯ್ದೆಯಡಿ ನೋಂದಾಯಿಸಿದ ಹೌಸಿಂಗ್ ಸೊಸೈಟಿಗಳು. ಇಲ್ಲಿ ಸದಸ್ಯತ್ವದ ಗುರುತು ಷೇರ್ ಸರ್ಟಿಫಿಕೇಟ್. ಅದರಲ್ಲಿ 50 ರೂಪಾಯಿ ಮುಖಬೆಲೆಯ ಐದೋ ಹತ್ತೋ ಷೇರುಗಳಿರುತ್ತವೆ. ಮೊತ್ತ ಚಿಕ್ಕದೆಂದು ಅಸಡ್ಡೆ ಮಾಡಬೇಡಿ. ಅದರ ಹಿಂಬದಿಯಲ್ಲಿ ಫ್ಲ್ಯಾಟ್ ಯಾರಿಂದ ಯಾರಿಗೆ ಬಂತೆಂಬ ವಿವರ ಇರುತ್ತದೆ. ಕೊನೆಯ ಹೆಸರು ನಿಮಗೆ ಮಾರುತ್ತಿರುವವರದೇ ಆಗಿರಬೇಕು.

ಮಾರುವವರು ನಾಮಿನಿಯಾಗಿ ಹೆಸರು ಹಾಕಿಸಿಕೊಂಡವರಾಗಿದ್ದರೆ ಇನ್ನೂ ಎಚ್ಚರ ಬೇಕು. ನಾಮಿನಿಯ ಹೆಸರಿಗೆ ಸೊಸೈಟಿ ಷೇರು ವರ್ಗಾಯಿಸಬೇಕು, ಆದರೆ ಒಡೆತನದ ಪ್ರಶ್ನೆಯನ್ನು ವಾರಸುದಾರರು ಬೇರೆಯಾಗಿ ಎತ್ತಬಹುದು ಎಂದು ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದೆ. ಅಣ್ಣತಮ್ಮಂದಿರು, ಅಕ್ಕತಂಗಿಯರು ಇದ್ದಾರೆಯೇ ಎಂದು ಕೇಳಿ. ಇದ್ದರೆ ಅವರ ಒಪ್ಪಿಗೆ ಕಾಗದದ ಮೇಲೆ ಇರಲಿ.

ಇನ್ನು ಕೆಲವು ಕಟ್ಟಡಗಳು, ಪುಣೆಯ ಕಡೆ ವಿಶೇಷವಾಗಿ, 1970ರ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯಡಿ ಕಂಡೋಮಿನಿಯಂ ಆಗಿರುತ್ತವೆ. ಅಲ್ಲಿ ಷೇರ್ ಸರ್ಟಿಫಿಕೇಟ್ ಇರುವುದಿಲ್ಲ. ನೋಂದಾಯಿತ ಡೀಡ್ ಆಫ್ ಡಿಕ್ಲರೇಷನ್ ಹಾಗೂ ಡೀಡ್ ಆಫ್ ಅಪಾರ್ಟ್‌ಮೆಂಟ್ ಇರುತ್ತವೆ. ಜಾಗ ಮತ್ತು ಸಾಮಾನ್ಯ ಸ್ಥಳಗಳಲ್ಲಿ ನಿಮ್ಮ ಫ್ಲ್ಯಾಟಿಗೆ ಶೇಕಡಾ ಎಷ್ಟು ಪಾಲು ಎಂದು ಡಿಕ್ಲರೇಷನ್ನಿನಲ್ಲಿ ಬರೆದಿರುತ್ತದೆ. ಖರ್ಚಿನ ಪಾಲೂ ಆ ಲೆಕ್ಕದಲ್ಲೇ ಬರುತ್ತದೆ.

ಈ ಕಾಯ್ದೆಯಲ್ಲಿ ಕೊಳ್ಳುವವರು ಮರೆಯಬಾರದ ಮಾತೊಂದಿದೆ. ಮಾರುವವರು ಉಳಿಸಿದ ಬಾಕಿಗೆ ಕೊಂಡವರೂ ಜಂಟಿಯಾಗಿ ಹೊಣೆ. ಆದರೆ ಬಾಕಿ ಎಷ್ಟಿದೆಯೆಂದು ಲಿಖಿತವಾಗಿ ಕೇಳುವ ಹಕ್ಕು ಕೊಳ್ಳುವವರಿಗಿದೆ. ಆಡಳಿತ ಮಂಡಳಿ ಬರೆದುಕೊಟ್ಟ ಮೊತ್ತಕ್ಕಿಂತ ಹೆಚ್ಚಿನ ಹಳೆಯ ಬಾಕಿಯನ್ನು ಆಮೇಲೆ ನಿಮ್ಮ ತಲೆಗೆ ಕಟ್ಟುವಂತಿಲ್ಲ. ಅಂದರೆ ಒಂದು ಹಾಳೆ ಕಾಗದ ನಿಮ್ಮನ್ನು ಕಾಯುತ್ತದೆ. ಸೊಸೈಟಿಯಲ್ಲಿ ಕೊಳ್ಳುವವರೂ ಬಾಕಿ ಇಲ್ಲವೆಂಬ ಪತ್ರ, ಅಂದರೆ ನೋ ಡ್ಯೂಸ್, ಪಡೆಯದೆ ಮುಂದುವರಿಯಬಾರದು.

ಬ್ಯಾಲೆನ್ಸ್ ಶೀಟಿನಲ್ಲಿ ಮೂರು ಸಾಲು

ಕಳೆದ ಮೂರು ವರ್ಷಗಳ ಆಡಿಟ್ ಆದ ಲೆಕ್ಕಪತ್ರ ಕೇಳಿ. ಕಾಮರ್ಸ್ ಓದಿರಬೇಕೆಂದೇನೂ ಇಲ್ಲ, ಮೂರು ಸಾಲು ನೋಡಿದರೆ ಸಾಕು.

ಒಂದು, ಸಿಂಕಿಂಗ್ ಫಂಡ್. ಮಾದರಿ ಬೈಲಾ ಪ್ರಕಾರ ಫ್ಲ್ಯಾಟಿನ ನಿರ್ಮಾಣ ವೆಚ್ಚದ (ಜಾಗದ ಬೆಲೆ ಬಿಟ್ಟು) ಕನಿಷ್ಠ ಶೇ. 0.25ರಷ್ಟು ಪ್ರತಿ ವರ್ಷ ಇದಕ್ಕೆ ಸೇರಬೇಕು. ಎರಡು, ದುರಸ್ತಿ ನಿಧಿ. ಇದಕ್ಕೆ ವರ್ಷಕ್ಕೆ ಕನಿಷ್ಠ ಶೇ. 0.75. ಇಪ್ಪತ್ತೈದು ವರ್ಷದ ಕಟ್ಟಡದಲ್ಲಿ ಈ ನಿಧಿಗಳು ಬರಿದಾಗಿದ್ದರೆ, ಮುಂದಿನ ದುರಸ್ತಿಯ ಹಣ ಸದಸ್ಯರ ಜೇಬಿನಿಂದಲೇ ಬರಬೇಕು. ಆ ಸದಸ್ಯರಲ್ಲಿ ಆಗ ನೀವೂ ಒಬ್ಬರು. ಮೂರು, ಸದಸ್ಯರಿಂದ ಬರಬೇಕಾದ ಬಾಕಿ. ಇದು ವರ್ಷದಿಂದ ವರ್ಷಕ್ಕೆ ಏರುತ್ತಿದ್ದರೆ ಲಿಫ್ಟು, ನೀರು, ಕಾವಲು ಎಲ್ಲಕ್ಕೂ ಕೊಡುವವರು ಕಡಿಮೆ, ಅನುಭವಿಸುವವರು ಹೆಚ್ಚು ಎಂದರ್ಥ.

ಮಿನಿಟ್ಸ್ ಪುಸ್ತಕ ಸುಳ್ಳು ಹೇಳದು

ಬ್ರೋಕರು ಹೇಳದ ಸಂಗತಿ ಮಿನಿಟ್ಸ್‌ನಲ್ಲಿ ಸಿಗುತ್ತದೆ. ಕಳೆದ ಎರಡು ಮೂರು ವರ್ಷಗಳ ಸಾಮಾನ್ಯ ಸಭೆಗಳ ಮಿನಿಟ್ಸ್ ತರಿಸಿ ಓದಿ. ಟೆರೇಸ್ ಸೋರುವ ದೂರು ಎಷ್ಟು ಸಲ ಬಂದಿದೆ? ಬಿಲ್ಡರನ ಮೇಲೆ ಕೇಸು ಇದೆಯೇ? ರೀಡೆವಲಪ್‌ಮೆಂಟ್ ಮಾತು ಎಲ್ಲಿಗೆ ಬಂದಿದೆ? ದುರಸ್ತಿಗೆಂದು ಪ್ರತಿ ಫ್ಲ್ಯಾಟಿಗೆ ಇಷ್ಟು ಎಂದು ನಿರ್ಣಯವಾಗಿದೆಯೇ? ಮಿನಿಟ್ಸ್ ಮರಾಠಿಯಲ್ಲಿದ್ದರೆ ಅಂಜಬೇಡಿ. ನಿರ್ಣಯಕ್ಕೆ ಅವರು ‘ಠರಾವ್’ ಎನ್ನುತ್ತಾರೆ, ನಮ್ಮ ಧಾರವಾಡ ಬೆಳಗಾವಿ ಕಡೆಯವರಿಗೆ ಅದು ‘ಠರಾವು’. ‘ಠರಾವ್’ ಎಂದಿರುವ ಸಾಲುಗಳನ್ನು ಗುರುತು ಮಾಡಿಕೊಂಡು, ಮರಾಠಿ ಬಲ್ಲ ಸ್ನೇಹಿತರಿಂದ ಅಷ್ಟನ್ನು ಓದಿಸಿಕೊಳ್ಳಿ.

ಹಳೆಯ ಕಟ್ಟಡವಾದರೆ ಸ್ಟ್ರಕ್ಚರಲ್ ಆಡಿಟ್ ವರದಿ ಕೇಳಿ. 30 ವರ್ಷ ದಾಟಿದ ಕಟ್ಟಡಕ್ಕೆ ಮುಂಬಯಿಯಲ್ಲಿ ಇದು ಕಡ್ಡಾಯ.

ಬಾಡಿಗೆದಾರರ ಬಗ್ಗೆ ಏನು ನಿಯಮ?

ಇದು ನಿಮಗೆ ಎಲ್ಲಕ್ಕಿಂತ ಮುಖ್ಯ. ಮಾಲೀಕರು ತಾವು ವಾಸಿಸದೆ ಬಾಡಿಗೆಗೆ ಕೊಟ್ಟರೆ ಸೊಸೈಟಿ ನಾನ್ ಆಕ್ಯುಪೆನ್ಸಿ ಚಾರ್ಜ್ ಹಾಕುತ್ತದೆ. ಇದು ಸೇವಾ ಶುಲ್ಕದ ಶೇ. 10ನ್ನು ಮೀರಬಾರದೆಂದು ಮಹಾರಾಷ್ಟ್ರ ಸರಕಾರ 2001ರ ಆಗಸ್ಟ್‌ನಲ್ಲಿ ಆದೇಶ ಹೊರಡಿಸಿತು. ಮುನಿಸಿಪಲ್ ತೆರಿಗೆ ಈ ಲೆಕ್ಕಕ್ಕೆ ಸೇರದು. ಮಾರುವವರ ಹಳೆಯ ಮೇಂಟೆನೆನ್ಸ್ ಬಿಲ್ ನೋಡಿದರೆ ಸೊಸೈಟಿ ಇದನ್ನು ಪಾಲಿಸುತ್ತಿದೆಯೋ ಇಲ್ಲವೋ ತಿಳಿಯುತ್ತದೆ. ಹಾಗೆಯೇ ವರ್ಗಾವಣೆ ಪ್ರೀಮಿಯಂ. ಕಾರ್ಪೊರೇಷನ್ ವ್ಯಾಪ್ತಿಯಲ್ಲಿ ಅದಕ್ಕೆ 2001ರ ಆದೇಶ ಹಾಕಿದ ಮಿತಿ 25,000 ರೂಪಾಯಿ. ‘ದೇಣಿಗೆ’ಯ ಹೆಸರಿನಲ್ಲಿ ಹೆಚ್ಚು ಕೇಳಿದರೆ ಯಾವ ನಿಯಮದಡಿ ಎಂದು ಲಿಖಿತವಾಗಿ ಕೇಳಿ.

ಅವಿವಾಹಿತರಿಗೆ ಕೊಡಬಾರದು, ಸಾಮಾನು ಸಾಗಿಸಲು ಇಷ್ಟು ಶುಲ್ಕ ಎಂಬಂಥ ನಿರ್ಣಯಗಳೂ ಇರಬಹುದು. ಅವು ಕಾನೂನಿನ ಮುಂದೆ ನಿಲ್ಲುತ್ತವೆಯೇ ಎಂಬುದು ಬೇರೆ ಮಾತು. ವಾದದಲ್ಲಿ ಗೆಲ್ಲುವವರೆಗೆ ಮನೆ ಖಾಲಿ ಬಿದ್ದಿರುತ್ತದಲ್ಲ! ಕಾಲೇಜು, ಐಟಿ ಪಾರ್ಕಿನ ಹತ್ತಿರ ಕೊಳ್ಳುವವರು ಇದನ್ನು ಮೊದಲೇ ತಿಳಿದಿರಬೇಕು.

ಪಾರ್ಕಿಂಗ್ ಬಗ್ಗೆಯೂ ಒಂದು ಮಾತು. ಸ್ಟಿಲ್ಟ್ ಪಾರ್ಕಿಂಗನ್ನು ಬಿಲ್ಡರ್ ಬೇರೆಯಾಗಿ ಮಾರುವಂತಿಲ್ಲ, ಅದು ಸಾಮಾನ್ಯ ಸ್ಥಳ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ತೀರ್ಪು ಕೊಟ್ಟಿದೆ. ‘ಪಾರ್ಕಿಂಗ್ ಸಹಿತ’ ಎಂದು ಬೆಲೆ ಏರಿಸಿದರೆ, ಸೊಸೈಟಿಯ ಹಂಚಿಕೆ ಪತ್ರ ಎಲ್ಲಿ ಎಂದು ಕೇಳಿ.

ಜಾಗ ಯಾರ ಹೆಸರಿನಲ್ಲಿದೆ?

ಕಟ್ಟಡ ಮುಗಿದು ಸೊಸೈಟಿಯಾದರೂ ಜಾಗ ಇನ್ನೂ ಬಿಲ್ಡರನ ಅಥವಾ ಹಳೆಯ ಒಡೆಯರ ಹೆಸರಿನಲ್ಲೇ ಇರುವುದುಂಟು. ಜಾಗವನ್ನು ಸೊಸೈಟಿಗೆ ಬರೆದುಕೊಡುವ ಪತ್ರವೇ ಕನ್ವೇಯನ್ಸ್. ಬಿಲ್ಡರ್ ಮಾಡಿಕೊಡದಿದ್ದರೆ ಅಧಿಕಾರಿಯ ಮೂಲಕ ‘ಡೀಮ್ಡ್ ಕನ್ವೇಯನ್ಸ್’ ಪಡೆಯುವ ದಾರಿಯನ್ನು 2008ರ ತಿದ್ದುಪಡಿ ತೆರೆಯಿತು. ಕನ್ವೇಯನ್ಸ್ ಆಗದಿದ್ದರೆ ನಾಳೆ ರೀಡೆವಲಪ್‌ಮೆಂಟ್ ವೇಳೆ ತೊಡಕು. ಆಕ್ಯುಪೇಷನ್ ಸರ್ಟಿಫಿಕೇಟ್, ಅಂದರೆ ಓಸಿ, ಇದೆಯೇ ಎಂಬುದನ್ನೂ ಕಣ್ಣಾರೆ ನೋಡಿ. ‘ಬರ್ತಾ ಇದೆ’ ಎಂಬ ಮಾತು ಓಸಿ ಅಲ್ಲ.

ಸ್ವಲ್ಪ ಲೆಕ್ಕ ಹಾಕೋಣ

ಉದಾಹರಣೆಗೆ 60 ಲಕ್ಷದ ಫ್ಲ್ಯಾಟ್, ತಿಂಗಳಿಗೆ 16,000 ಬಾಡಿಗೆ ಎಂದುಕೊಳ್ಳಿ. ವರ್ಷದಲ್ಲಿ ಒಂದು ತಿಂಗಳು ಖಾಲಿ ಹೋದರೆ ಬರುವುದು 1,76,000. ಅದರಲ್ಲಿ ಮೇಂಟೆನೆನ್ಸ್ 42,000, ನಾನ್ ಆಕ್ಯುಪೆನ್ಸಿ 3,000, ಆಸ್ತಿ ತೆರಿಗೆ 12,000 ಕಳೆಯಿರಿ. ಉಳಿಯುವುದು 1,19,000, ಅಂದರೆ ಹಾಕಿದ ನೂರಕ್ಕೆ ಎರಡು ರೂಪಾಯಿಗೂ ತುಸು ಕಡಿಮೆ. ಈಗ ಸೊಸೈಟಿ ದುರಸ್ತಿಗೆಂದು ಪ್ರತಿ ಫ್ಲ್ಯಾಟಿಗೆ 2 ಲಕ್ಷ ಕೇಳಿತೆನ್ನಿ. ನಿಮ್ಮ ಇಪ್ಪತ್ತು ತಿಂಗಳ ಆದಾಯ ಅಲ್ಲಿಗೆ ಹೋಯಿತು! ಆ ಠರಾವು ಮಿನಿಟ್ಸ್‌ನಲ್ಲಿ ಮೊದಲೇ ಇದ್ದು, ನೀವು ಓದಿದ್ದರೆ, ಆ 2 ಲಕ್ಷವನ್ನು ಬೆಲೆಯಲ್ಲೇ ಇಳಿಸಿ ಮಾತಾಡಬಹುದಿತ್ತು. ಕಾಗದ ಓದುವುದರ ಲಾಭ ಇದೇ.

ಕಾಗದ ಸಿಗುವುದು ಹೇಗೆ?

ನೀವು ಇನ್ನೂ ಸದಸ್ಯರಲ್ಲ, ಆದ್ದರಿಂದ ಸೊಸೈಟಿ ನಿಮಗೆ ತೋರಿಸದೇ ಇರಬಹುದು. ಆದರೆ ಮಾರುವವರು ಸದಸ್ಯರು. ಬೈಲಾ, ಆಡಿಟ್ ಆದ ಬ್ಯಾಲೆನ್ಸ್ ಶೀಟ್, ಸಭೆಗಳ ಮಿನಿಟ್ಸ್ ನೋಡುವ ಹಕ್ಕನ್ನು ಸಹಕಾರ ಕಾಯ್ದೆ ಅವರಿಗೆ ಕೊಟ್ಟಿದೆ. ಆದ್ದರಿಂದ ಟೋಕನ್ ಹಣ ಕೊಡುವ ಮೊದಲೇ ಈ ಕಾಗದಗಳನ್ನು ಅವರ ಮೂಲಕ ತರಿಸಿ. ಬೈಲಾ ಕಾಲಕಾಲಕ್ಕೆ ಬದಲಾಗುವುದರಿಂದ ಆ ಸೊಸೈಟಿ ಈಗ ಪಾಲಿಸುತ್ತಿರುವ ಪ್ರತಿಯನ್ನೇ ಓದಿ. ಕೊಂಡ ಮೇಲೆ ಬಾಡಿಗೆಗೆ ಕೊಡುವಾಗ ಲೀವ್ ಆ್ಯಂಡ್ ಲೈಸೆನ್ಸ್ ಕರಾರನ್ನು ನೋಂದಾಯಿಸಲು ಮರೆಯಬೇಡಿ. 1999ರ ಬಾಡಿಗೆ ಕಾಯ್ದೆಯ ಪ್ರಕಾರ ಆ ಹೊಣೆ ಮಾಲೀಕರದೇ.

‘ಈ ಶನಿವಾರವೇ ಟೋಕನ್ ಕೊಡಿ, ಇನ್ನೊಬ್ಬರು ಕಾಯ್ತಿದ್ದಾರೆ’ ಎಂದು ಬ್ರೋಕರು ಅವಸರಪಡಿಸುವುದು ಮಾಮೂಲು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ನಮಗೆ ಗೊತ್ತೇ ಇದೆ. ನಾಲ್ಕು ದಿನ ತಡವಾಗಲಿ. ಕಾಗದ ತೋರಿಸಲು ಒಪ್ಪದವರ ಫ್ಲ್ಯಾಟ್ ಕೈತಪ್ಪಿ ಹೋದರೆ ನಷ್ಟವೇನೂ ಇಲ್ಲ. ಶುಭವಾಗಲಿ!