ಸೈಟ್ ತೋರಿಸಿದವರ ಹೊಣೆ ಎಲ್ಲಿವರೆಗೆ?

"ಸರ್, ಹೊಸ ಜಿಲ್ಲೆ ಆಗಿದೆ. ಪೇಪರ್ ಎಲ್ಲಾ ಕ್ಲಿಯರ್. ಇವತ್ತೇ ಟೋಕನ್ ಹಾಕಿ, ನಾಳೆ ಈ ರೇಟಿಗೆ ಸಿಗಲ್ಲ." 2021ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ಹೊಸಪೇಟೆ ಸುತ್ತಮುತ್ತ ಸೈಟ್ ಹುಡುಕಿದವರಿಗೆ ಈ ಮಾತು ಗೊತ್ತು. ಆಮೇಲೆ ತಕರಾರು ಬಂದರೆ ಅದೇ ಬಾಯಿ ಏನು ಹೇಳುತ್ತೆ? "ನಾನು ಬರೀ ಸೈಟ್ ತೋರಿಸಿದ್ದು. ಮಿಕ್ಕಿದ್ದು ಓನರ್‌ನ ಕೇಳಿ."

ವೀಕ್ಷಕರೇ, ಈ ಉತ್ತರವನ್ನು ಕಾನೂನು ಒಪ್ಪಲ್ಲ. 2016ರ ರೇರಾ ಕಾಯ್ದೆಯ 10ನೇ ಸೆಕ್ಷನ್ ಇರೋದೇ ಏಜೆಂಟರಿಗಾಗಿ. ರೇರಾದಲ್ಲಿ ನೋಂದಣಿ ಆಗಬೇಕಾದ ಲೇಔಟ್ ನೋಂದಣಿ ಆಗಿಲ್ಲ ಅಂದ್ರೆ, ಅದರ ಸೈಟನ್ನು ಏಜೆಂಟ್ ಮಾರಿಸುವಂತಿಲ್ಲ. ಬುಕಿಂಗ್ ಸಮಯದಲ್ಲೇ ಖರೀದಿದಾರನಿಗೆ ಸಲ್ಲಬೇಕಾದ ಮಾಹಿತಿ, ದಾಖಲೆ ಸಿಗುವಂತೆ ನೋಡಿಕೊಳ್ಳಬೇಕು. ಸುಳ್ಳು ಹೇಳುವಂತಿಲ್ಲ. ಬ್ರೋಷರ್‌ನಲ್ಲಿ ಅಚ್ಚಾಗಿದ್ದು ಮಾತ್ರ ಅಲ್ಲ, ಬಾಯಲ್ಲಿ ಹೇಳಿದ್ದೂ ಲೆಕ್ಕಕ್ಕೆ ಬರುತ್ತೆ. ತಪ್ಪಿದರೆ ದಿನಕ್ಕೆ 10 ಸಾವಿರ ರೂಪಾಯಿ ದಂಡ, ಒಟ್ಟು ಆಸ್ತಿ ಬೆಲೆಯ ಶೇಕಡಾ 5ರವರೆಗೆ.

ಯಾವ ಲೇಔಟಿಗೆ ನೋಂದಣಿ ಬೇಕು? 500 ಚದರ ಮೀಟರ್ ಮೀರಿದ ಜಾಗಕ್ಕೆ. ಅಂದ್ರೆ ಸುಮಾರು 5,380 ಚದರ ಅಡಿ. 30×40ರ ನಾಲ್ಕು ಸೈಟ್ ಮಾಡಿ ಸಣ್ಣ ರಸ್ತೆ ಬಿಟ್ಟರೆ ಮುಗೀತು. ಹಾಗಾಗಿ "ನಮ್ದು ಸಣ್ಣ ಲೇಔಟ್" ಅನ್ನೋ ನೆಪ ಬಹಳ ಕಡೆ ನಿಲ್ಲಲ್ಲ.

ನಮ್ಮ ಭಾಗದಲ್ಲಿ ಏಜೆಂಟ್ ಬಾಯಿ ಬಿಡದಿದ್ದರೆ ಏನಾಗುತ್ತೆ ನೋಡಿ. ಹಂಪಿ ಕಡೆ, ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆಯ 200 ಮೀಟರ್‌ಗೆ ಅನುಮತಿ ಬೇಕು. ಮೇಲಿಂದ ಹಂಪಿ ಪ್ರಾಧಿಕಾರದ ನಿಯಮಗಳು ಬೇರೆ. ನದಿಯಾಚೆಯ ವಿರೂಪಾಪುರ ಗಡ್ಡೆಯ ರೆಸಾರ್ಟ್‌ಗಳ ತೆರವನ್ನು 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದ ಮೇಲೆ ಅಲ್ಲಿಗೆ ಜೆಸಿಬಿ ಬಂದವು. ಸಂಡೂರಿನಲ್ಲಿ ಪಕ್ಕದಲ್ಲೇ ಕಾಡು. ಗಡಿ ಎಲ್ಲಿದೆ ಅಂತ ಸರ್ವೆ ನಕ್ಷೆ ನೋಡಬೇಕು. ಕಂಪ್ಲಿಯ ಗದ್ದೆ ಬಯಲಲ್ಲಿ ಕಲ್ಲು ನೆಟ್ಟ ಮಾತ್ರಕ್ಕೆ ಗದ್ದೆ ಸೈಟ್ ಆಗಲ್ಲ, ಭೂಪರಿವರ್ತನೆ ಆದೇಶ ಬೇಕು. ಇನ್ನು ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಅನುಮತಿ ಇಲ್ಲದೆ ಕೊಂಡರೆ, 1978ರ ಪಿಟಿಸಿಎಲ್ ಕಾಯ್ದೆಯಡಿ ಆ ಮಾರಾಟವೇ ಅಸಿಂಧು. ಜಮೀನು ಮೂಲ ಕುಟುಂಬಕ್ಕೆ ವಾಪಸ್. ಕೊಟ್ಟ ದುಡ್ಡು?

ಹಳೇ ಮನೆ, ಬಿಡಿ ಜಮೀನಿನ ವ್ಯವಹಾರಕ್ಕೆ ರೇರಾ ಅನ್ವಯಿಸಲ್ಲ, ನಿಜ. ಆದರೆ 1872ರ ಕರಾರು ಕಾಯ್ದೆ ಇದೆಯಲ್ಲ! ಗೊತ್ತಿರೋ ಸಂಗತಿಯನ್ನು ಮೋಸ ಮಾಡೋಕೆ ಅಂತಲೇ ಮುಚ್ಚಿಟ್ಟರೆ ಅದು ವಂಚನೆ. ಮಾರುವವನು ಮುಚ್ಚಿಟ್ಟರೂ ಅಷ್ಟೇ, ಅವನ ಏಜೆಂಟ್ ಮುಚ್ಚಿಟ್ಟರೂ ಅಷ್ಟೇ.

ಹಾಗಂತ ನಾವು ಕಣ್ಣು ಮುಚ್ಚಿ ಕೂರೋ ಹಾಗಿಲ್ಲ. ವಿಚಾರಿಸಿದ್ದರೆ ಸುಲಭವಾಗಿ ತಿಳಿಯುತ್ತಿತ್ತು ಅನ್ನೋ ವಿಷಯದಲ್ಲಿ, "ಅವರು ಹೇಳಲೇ ಇಲ್ಲ" ಅನ್ನೋ ದೂರು ಕೋರ್ಟಿನಲ್ಲಿ ಬಲ ಕಳೆದುಕೊಳ್ಳುತ್ತೆ. ನಾನು ಓದಿದ್ದು ಇಂಜಿನಿಯರಿಂಗ್. ಪಿಲ್ಲರ್ ಎಬ್ಬಿಸೋ ಮುಂಚೆ ಮಣ್ಣು ಪರೀಕ್ಷೆ ಮಾಡಿಸ್ತೀವಿ. ಅಡ್ವಾನ್ಸ್ ಕೊಡೋ ಮುಂಚೆ ಕಾಗದ ಪರೀಕ್ಷೆಯೂ ಹಾಗೇ ಆಗಬೇಕು.

ಏಜೆಂಟರ ಹತ್ತಿರ ನಾಲ್ಕೇ ನಾಲ್ಕು ಕೇಳಿ: ರೇರಾ ನಂಬರ್, ಭೂಪರಿವರ್ತನೆ ಆದೇಶ, ಅನುಮೋದಿತ ಲೇಔಟ್ ನಕ್ಷೆ, ಇಸಿ. ಬಾಯಲ್ಲಿ ಬೇಡ, ವಾಟ್ಸಾಪ್‌ನಲ್ಲಿ ಕೇಳಿ. ಉತ್ತರ ದಾಖಲೆಯಾಗಿ ಉಳಿಯುತ್ತೆ. ಪ್ರಾಮಾಣಿಕ ಏಜೆಂಟರು ನಮ್ಮೂರಲ್ಲಿ ಬೇಕಾದಷ್ಟು ಜನ ಇದ್ದಾರೆ, ಅವರು ಕೇಳಿದ ದಿನವೇ ಕಳಿಸ್ತಾರೆ. "ನಂಬಿಕೆ ಇಲ್ವಾ ಸರ್?" ಅಂತ ಮುನಿಸಿಕೊಂಡರೆ, ಟೋಕನ್ ದುಡ್ಡು ನಿಮ್ಮ ಜೇಬಲ್ಲೇ ಇರಲಿ.