ಒತ್ತುಯಂತ್ರದಡಿ ಕಾಫಿ ಮರದ ಪೆನ್ನು

ಕುಶಾಲನಗರದಿಂದ ಹಾಸನದ ದಾರಿ ಹಿಡಿದರೆ ಕೂಡಿಗೆ, ಹೆಬ್ಬಾಲೆ ದಾಟಿದ ಮೇಲೆ ಸಿಗುವ ಶಿರಂಗಾಲ ಕೊಡಗಿನ ಗಡಿಯೂರು. ಇಲ್ಲಿಂದ ಮುಂದೆ ಕಾವೇರಿ ಹಾಸನ ಜಿಲ್ಲೆಯ ಕೊಣನೂರಿನತ್ತ ಹರಿಯುತ್ತಾಳೆ. ಬೆಟ್ಟದ ಕಾಫಿ ತೋಟಗಳು ಹಿಂದೆ ಉಳಿದು ಭತ್ತ, ಜೋಳ, ಶುಂಠಿಯ ಬಯಲು ತೆರೆದುಕೊಳ್ಳುವ ಸೀಮೆ ಇದು. ಟಿಲ್ಲರ್, ಪಂಪ್‌ಸೆಟ್ ಇರುವ ಕಡೆ ವರ್ಕ್‌ಶಾಪ್ ಇದ್ದೇ ಇರುತ್ತದೆ. ವರ್ಕ್‌ಶಾಪ್ ಎಂದ ಮೇಲೆ ಕಂಬದ ಡ್ರಿಲ್ಲಿಂಗ್ ಮೆಷಿನ್ ಒಂದು, ವೈಸ್ ಒಂದು. ಕೈಯಿಂದ ಮಾಡುವ ಮರದ ಪೆನ್ನಿಗೆ ಬೇಕಾದ ಒತ್ತುಯಂತ್ರ ಈ ಡ್ರಿಲ್ಲಿಂಗ್ ಮೆಷಿನ್ನಿನಲ್ಲೇ ಅಡಗಿದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ.

ಮರಕ್ಕೂ ದೂರ ಹೋಗಬೇಕಿಲ್ಲ. ಮೇಲಿನ ತೋಟಗಳಲ್ಲಿ ಹಳೆಯ ರೊಬಸ್ಟಾ ಗಿಡಗಳನ್ನು ಕಿತ್ತು ಹೊಸದು ನೆಡುವಾಗ ಬೊಡ್ಡೆಗಳು ಸೌದೆಯಾಗುತ್ತವೆ. ಚೆಂದದ ಕೆಲವು ಟೀಪಾಯಿಯ ಕಾಲಾಗುತ್ತವೆ. ಬಿಳಿ ಕಾಂಡಕೊರಕ ಹೊಕ್ಕ ಅರೇಬಿಕಾವನ್ನು ಮಾತ್ರ ಮುಟ್ಟಬಾರದು, ಅದನ್ನು ಸುಡಲೇಬೇಕು. ಕಾಫಿ ಮರ ಬೆಳ್ಳಗೆ, ಗಟ್ಟಿಯಾಗಿ, ಎಳೆ ಬಲು ನಯವಾಗಿರುತ್ತದೆ. ಹಸಿಯಾಗಿದ್ದಾಗ ಅವಸರ ಮಾಡಿದರೆ ಸೀಳುತ್ತದೆ. ತುದಿಗಳಿಗೆ ಮೇಣ ಬಳಿದು, ನೆರಳಲ್ಲಿ ತಿಂಗಳುಗಟ್ಟಲೆ ಒಣಗಿಸಬೇಕು. ಮಳೆಗಾಲದಲ್ಲಿ ನೀರು ಕುಡಿದ ಮರದಿಂದ ಮಾಡಿದ ಪೆನ್ನು ಮಾರ್ಚ್ ಬಿಸಿಲಿಗೆ ಬಿರುಕು ಬಿಡುವುದು ಖಚಿತ.

ಲೇತಿನಲ್ಲಿ ಕಡೆಯುವ ಕೆಲಸ ನಮ್ಮ ನಾಡಿಗೆ ಹೊಸದಲ್ಲ. ಚನ್ನಪಟ್ಟಣದ ಕುಶಲಿಗಳು ಹಾಲೆ ಮರವನ್ನು ಕಡೆದು, ತಿರುಗುತ್ತಿರುವಾಗಲೇ ಅರಗಿನ ಕಡ್ಡಿ ಒತ್ತಿ, ಆ ಉಜ್ಜುವಿಕೆಯ ಕಾವಿಗೆ ಕರಗಿದ ಬಣ್ಣವನ್ನು ಗರಿಯಿಂದ ಹೊಳಪಿಸುತ್ತಾರೆ. ಗೊಂಬೆಗಳ ಜೊತೆಗೆ ಪೆನ್ನನ್ನೂ ಮಾಡುತ್ತಾರೆ. ನೆರೆಯ ಆಂಧ್ರದ ರಾಜಮಂಡ್ರಿಯಲ್ಲಿ ಕೆ.ವಿ. ರತ್ನಂ 1930ರ ದಶಕದಲ್ಲಿ ಸ್ವದೇಶಿ ಫೌಂಟನ್ ಪೆನ್ನು ಕಡೆದು ಗಾಂಧೀಜಿಯವರ ಮೆಚ್ಚುಗೆ ಪಡೆದರು. ಆ ಎಬೊನೈಟ್ ಪೆನ್ನಿನ ಕೊಳವೆ, ಮುಚ್ಚಳ, ಮೂತಿ ಎಲ್ಲ ಮರೆ ಕೊಯ್ದು ತಿರುಪಿ ಕೂರಿಸುವಂಥವು. ಮರದ ಬಾಲ್ ಪೆನ್ನಿನ ದಾರಿ ಬೇರೆ. ಅದರ ಲೋಹದ ಭಾಗಗಳು ಕಿಟ್ ಆಗಿ ಬರುತ್ತವೆ, ಹಿತ್ತಾಳೆ ಕೊಳವೆಯೊಳಕ್ಕೆ ಬಿಗಿಯಾಗಿ ಒತ್ತಿಯೇ ಅವನ್ನು ಕೂರಿಸಬೇಕು. ಅಮೆರಿಕದಲ್ಲಿ ಹವ್ಯಾಸಿಗಳು ಇಂಥ ಪೆನ್ನುಗಳನ್ನು ಕಡೆದು ರಣರಂಗದಲ್ಲಿದ್ದ ತಮ್ಮ ಸೈನಿಕರಿಗೆ ಕಳಿಸಿಕೊಟ್ಟರು. ಮನೆಮನೆಯಿಂದ ಸೈನ್ಯಕ್ಕೆ ಹೋಗುವ ಕೊಡಗಿಗೆ ಆ ಯೋಚನೆ ಎಷ್ಟು ಚೆನ್ನಾಗಿ ಒಪ್ಪುತ್ತದೆ!

ಮೊದಲ ಹಂತಗಳನ್ನು ಬೇಗ ಹೇಳಿಬಿಡಬಹುದು. ಸುಮಾರು 20 ಮಿ.ಮೀ. ಚೌಕದ ಕಟ್ಟಿಗೆ. ಸಣ್ಣ ಪೆನ್ನಾದರೆ ನಡುವೆ 7 ಮಿ.ಮೀ. ತೂತು. ಮರಳು ಕಾಗದದಿಂದ ಒರಟು ಮಾಡಿದ ಹಿತ್ತಾಳೆ ಕೊಳವೆಯನ್ನು ಅರಾಲ್ಡೈಟ್ ಹಚ್ಚಿ ಅದರೊಳಗೆ ತೂರಿಸಿ, ಒಣಗಿದ ಮೇಲೆ ಎರಡೂ ತುದಿಗಳನ್ನು ಕೊಳವೆಗೆ ಮಟ್ಟಸವಾಗಿ ಕೆತ್ತಬೇಕು. ಹಿತ್ತಾಳೆಯ ಹೊಳೆವ ಉಂಗುರ ಸುತ್ತಲೂ ಒಂದೇ ಸಮ ಕಂಡರೆ ತುದಿ ನೇರವಾಗಿದೆ ಎಂದರ್ಥ. ಆಮೇಲೆ ಲೇತಿಗೆ ಹಾಕಿ ಕಡೆಯುವುದು, ತೀಡುವುದು, ಹೊಳಪು.

ಇಷ್ಟಾದ ಮೇಲೆ ಎರಡು ನಿಮಿಷದ ಕೆಲಸ ಉಳಿಯುತ್ತದೆ. ಪೆನ್ನು ಒಡೆಯುವುದು ಇಲ್ಲೇ.

ಲೋಹದ ಮೂತಿ ಕೊಳವೆಗಿಂತ ಕೂದಲೆಳೆಯಷ್ಟು ದಪ್ಪ. ನೆಟ್ಟಗೆ ಇಳಿದರೆ ಕೊಳವೆ ತುಸು ಹಿಗ್ಗಿ ಅದನ್ನು ಅಪ್ಪಿಕೊಳ್ಳುತ್ತದೆ. ಸ್ವಲ್ಪ ಓರೆಯಾದರೂ ಬಲವೆಲ್ಲ ಒಂದು ಮಗ್ಗುಲಿಗೆ ಬಿದ್ದು, ತೆಳುವಾಗಿ ಕಡೆದ ಮರ ‘ಟಿಕ್’ ಎಂದು ಸೀಳುತ್ತದೆ. ಕೊಳವೆಯ ಬಾಯೊಳಗೆ ಸಾಸಿವೆಯಷ್ಟು ಅಂಟು ಒಣಗಿ ಕೂತಿದ್ದರೂ ಇದೇ ಗತಿ. ಆದ್ದರಿಂದ ಒತ್ತುವ ಮೊದಲು ಚೂರಿಯ ತುದಿಯಿಂದ ಒಳಬಾಯಿ ಕೆರೆದು ಬೆಳಕಿಗೆ ಹಿಡಿದು ನೋಡಲೇಬೇಕು.

ವೈಸಿನಲ್ಲಿ ಒತ್ತುವವರು ಬಹಳ. ಆದರೆ ಅದರ ದವಡೆಯ ಮೇಲಂಚಿನಲ್ಲಿ ಕೆಲಸ ಹಿಡಿದಾಗ ಚಲಿಸುವ ದವಡೆ ಸಣ್ಣಗೆ ವಾಲುತ್ತದೆ. ಬೇರಿಂಗ್ ಕೂರಿಸುವ ಆರ್ಬರ್ ಪ್ರೆಸ್ಸಿನದು ಇನ್ನೊಂದು ತೊಂದರೆ: ಬಲ ಹೆಚ್ಚು. ಹಿಡಿ 30 ಸೆ.ಮೀ. ಉದ್ದ, ಒಳಗಿನ ಹಲ್ಲುಚಕ್ರದ ತ್ರಿಜ್ಯ 1 ಸೆ.ಮೀ. ಇದ್ದರೆ, ಕೈ ಹಾಕಿದ 10 ಕೆ.ಜಿ. ಬಲ ಕೆಳಗೆ 300 ಕೆ.ಜಿ. ಹತ್ತಿರ ಆಗುತ್ತದೆ. ಪೆನ್ನಿಗೆ ಅಷ್ಟು ಬೇಡ. ಜೊತೆಗೆ ಅದರ ಉಕ್ಕಿನ ಮೊಂಡು ಮೂತಿ ಚಿನ್ನದ ಬಣ್ಣದ ಲೇಪವನ್ನು ಗೀರುತ್ತದೆ. ಅದನ್ನೇ ಬಳಸುವುದಾದರೆ ಮೂತಿಗೆ ನೈಲಾನ್ ಟೋಪಿ ತೊಡಿಸಬೇಕು, ಮೇಲೆಕೆಳಗೆ ಸರಿಯುವ ದಂಡದ ಸಡಿಲ ತೆಗೆಯಬೇಕು.

ನನ್ನ ಆಯ್ಕೆ ಡ್ರಿಲ್ಲಿಂಗ್ ಮೆಷಿನ್ನೇ. ಮೊದಲು ಅದರ ಮೇಜಿಗೆ ಗಟ್ಟಿ ಮರದ ಹಲಗೆಯೊಂದನ್ನು ಬೋಲ್ಟ್ ಹಾಕಿ ಬಿಗಿಯಬೇಕು. ಅದೇ ಮೆಷಿನ್ನಿನಿಂದಲೇ ಹಲಗೆಗೆ ತೂತು ಕೊರೆಯಬೇಕು. ಇಲ್ಲಿಂದ ಮುಂದೆ ಮೇಜನ್ನು ಕದಲಿಸಕೂಡದು. ಮೆಷಿನ್ ತಾನೇ ಕೊರೆದ ತೂತಾದ್ದರಿಂದ ಅದರ ನಡು ಮೇಲೆ ಬಿಟ್ ಹಿಡಿಯುವ ಚಕ್ಕಿನ ನಡುವಿಗೆ ಸರಿಯಾಗಿ ಕೂಡಿರುತ್ತದೆ. ಅಳತೆಪಟ್ಟಿ ಬೇಡ, ಗುಂಡು ದಾರ ಬೇಡ. ಇಡೀ ಮಾರ್ಪಾಡಿನ ಜಾಣ್ಮೆ ಇರುವುದು ಈ ಒಂದು ಹೆಜ್ಜೆಯಲ್ಲಿ. ಆ ತೂತಿಗೆ ಪೆನ್ನಿನ ಮೂತಿ ನಿಲ್ಲುವಂತೆ ಗುಳಿ ತೋಡಿದ ಮರದ ಬೆಣೆ ಕೂರಿಸಿ, ಬಿಟ್ ತೆಗೆದು ಚಕ್ಕಿಗೆ ಮುಖ ಸಪಾಟಾದ ನೈಲಾನ್ ತುಂಡು ಸಿಕ್ಕಿಸಿದರೆ ಒತ್ತುಯಂತ್ರ ಸಿದ್ಧ. ವಿದ್ಯುತ್ ಪ್ಲಗ್ ಮಾತ್ರ ಕಿತ್ತು ಕಣ್ಣೆದುರಿಗೆ ಇಟ್ಟುಕೊಳ್ಳಿ. ಕೈ ಅಡಿಯಲ್ಲಿರುವಾಗ ಚಕ್ಕು ತಿರುಗಿದರೆ ಬೆರಳು ಹೋಗುತ್ತದೆ.

ಹಿಡಿ ಎಳೆಯುವಾಗ ಕೈಗೆ ಎಲ್ಲವೂ ತಿಳಿಯುತ್ತದೆ. ಮೊದಲು ಸರಾಗ, ನಂತರ ಒಂದೇ ಸಮನೆ ಬಿಗಿ, ಲೋಹದ ಮೂತಿಯ ಭುಜ ಕೂತಾಗ ಗಕ್ಕನೆ ನಿಲುಗಡೆ. ನಡುವೆ ಬಿಗಿ ಒಮ್ಮೆಲೇ ಏರಿದರೆ ಅಲ್ಲೇ ನಿಲ್ಲಿಸಿ, ಬಿಡಿಸಿ, ಒಳಬಾಯಿ ನೋಡಬೇಕು.

ತಿರುವಿದಾಗ ರೀಫಿಲ್ ಹೊರತರುವ ಯಂತ್ರಾಂಗಕ್ಕೆ ಇನ್ನಷ್ಟು ತಾಳ್ಮೆ ಬೇಕು. ಹೆಚ್ಚು ಇಳಿದರೆ ರೀಫಿಲ್ಲಿನ ತುದಿ ಒಳಸರಿಯದೆ ಜೇಬಿಗೆ ಶಾಯಿ ಬಳಿಯುತ್ತದೆ. ಕಡಿಮೆ ಇಳಿದರೆ ಕಾಗದಕ್ಕೆ ಮುಟ್ಟುವುದೇ ಇಲ್ಲ. ಡ್ರಿಲ್ಲಿಂಗ್ ಮೆಷಿನ್ನಿನ ಆಳದ ಕಡ್ಡಿಗೆ ಇರುವ ನಟ್ಟುಗಳು ಇಲ್ಲಿ ವರವಾಗುತ್ತವೆ. ಯಂತ್ರಾಂಗ ಇಳಿಯಬೇಕಾದ ಗುರುತಿಗಿಂತ ತುಸು ಮೇಲೆಯೇ ನಿಲ್ಲುವಂತೆ ನಟ್ಟು ಬಿಗಿದು ಒತ್ತಿ, ರೀಫಿಲ್ ಹಾಕಿ ತಿರುವಿ ನೋಡಿ, ಕಾಲು ಸುತ್ತು ಸಡಿಲಿಸಿ ಮತ್ತೆ ಒತ್ತುವುದು. ಒಮ್ಮೆ ಅಳತೆ ಸಿಕ್ಕರೆ ಅದೇ ಕಿಟ್ಟಿನ ಮುಂದಿನ ಪೆನ್ನುಗಳಿಗೆಲ್ಲ ಅದೇ ನಟ್ಟು ಸಾಕು.

ಹೊಸದಾಗಿ ಶುರು ಮಾಡುವವರು ಕಿಟ್ ಕೊಳ್ಳುವಾಗ ರೀಫಿಲ್ ಯಾವುದೆಂದು ಮೊದಲು ಕೇಳಬೇಕು. ತೆಳ್ಳನೆಯ ಪೆನ್ನುಗಳಿಗೆ ಬೇಕಾಗುವ ಕ್ರಾಸ್ ಮಾದರಿಯ ರೀಫಿಲ್ ಹಳ್ಳಿಯಂಗಡಿಯಲ್ಲಿ ಸಿಗುವುದು ಕಷ್ಟ. 98 ಮಿ.ಮೀ. ಉದ್ದದ ಪಾರ್ಕರ್ ಮಾದರಿಯದು ಸಾಮಾನ್ಯ ಸ್ಟೇಷನರಿ ಅಂಗಡಿಯಲ್ಲೂ ಸಿಗುತ್ತದೆ. ಆ ರೀಫಿಲ್ಲಿನ ಕಿಟ್‌ಗಳು ದಪ್ಪ, ಕೊಳವೆಗೆ ತಕ್ಕ ಬೇರೆ ಡ್ರಿಲ್ ಬಿಟ್ ಬೇಕು. ಅವುಗಳ ಹಲವು ಮಾದರಿಗಳಲ್ಲಿ ಯಂತ್ರಾಂಗ ತಿರುಪಿನಿಂದ ಕೂರುವುದರಿಂದ ಆಳದ ಚಿಂತೆಯೂ ಇಲ್ಲ. ಮದುವೆಗೋ ನಿವೃತ್ತಿಗೋ ಉಡುಗೊರೆ ಕೊಟ್ಟ ಪೆನ್ನು ಶಾಯಿ ಮುಗಿದ ಕೂಡಲೇ ಮೇಜಿನ ಖಾನೆ ಸೇರಬಾರದಲ್ಲ.